ಅದೇ ನೀರು

ಚೋಂದವ್ವನಿಗೆ ಎಂಬತ್ಮೂರು. ತೊಡೆಯ ಮೂಳೆ ಎರಡು ತುಂಡು.
ಕಾವು ಕೂತ ಕೋಳಿಯನ್ನು ಎಬ್ಬಿಸಲು ಹೋಗಿ ಬಿದ್ದದ್ದಂತೆ.
ಕೋಳಿಗೇನೂ ಆಗಿಲ್ಲ, ಎಂದು ಮೊದಲೇ ತಿಳಿಸಿದರು.

ಬಿಪಿ ಮಾತ್ರೆ ಇವತ್ತು ಬೇಡ ಅಂದಿದ್ದೆ, ನುಂಗಲಿಲ್ಲ ತಾನೆ?
ಇಲ್ಲ, ಎಂದರು, ಕಿಟಕಿಯಾಚೆ ವಿರಾಜಪೇಟೆಯ ಮಂಜು ನೋಡುತ್ತ.
ಸಿಸ್ಟರ್ ಲಿಲ್ಲಿಕುಟ್ಟಿ ಕರವಸ್ತ್ರದ ಗಂಟು ಬಿಚ್ಚಿದಳು:
ಎರಡು ಏಲಕ್ಕಿ, ಹತ್ತರ ನೋಟು, ಒಡೆದ ಬೆಳ್ಳಿಹಾಳೆ.
'ಇಪ್ಪತ್ತು ವರ್ಷದಲ್ಲಿ ಒಂದು ದಿನ ತಪ್ಪಿಸಿಲ್ಲ.
ನಿಮಗೋಸ್ಕರ ತಪ್ಪಿಸಲೆ?'

ಸರಿ. ಇವತ್ತು ಇಳಿಜಾರು ಇನ್ನೂ ಕಡಿದು.

ಬೆನ್ನಿಗೆ ಚುಚ್ಚಿದರೆ ಒಳಗೆ ಏನಾಗುತ್ತದೆ, ಎಂದರು.
ರಕ್ತನಾಳ ಸಡಿಲವಾಗಿ, ಎಂದು ಶುರುಮಾಡಿ ತೊದಲಿದೆ.
ಅವರೇ ಮುಗಿಸಿದರು:
'ಬದು ಕಿತ್ತು ಎರಡು ಗದ್ದೆ ಒಂದು ಮಾಡಿದ ಹಾಗೆ.
ನೀರು ಅಷ್ಟೇ. ಮೊಣಕಾಲಿಗಿದ್ದದ್ದು ಹಿಮ್ಮಡಿಗೆ.
ತೂಬು ಮೊದಲೇ ತೆಗೆಯಬೇಕು,
ಸಸಿ ಬಾಡಿದ ಮೇಲಲ್ಲ.'

ಬಾಡಿದ ಮೇಲೆ ತೆಗೆದವಳು ನಾನು, ಒಮ್ಮೆ.
ಮೊಣ್ಣಪ್ಪನವರು. ಐದು ನಿಮಿಷಕ್ಕೊಮ್ಮೆ ಯಂತ್ರ ತೋಳು ಹಿಂಡುತ್ತಿತ್ತು,
ನಡುವಿನ ನಿಮಿಷಗಳನ್ನು ಯಾರೂ ನೋಡಿಲ್ಲ.
ಎಪ್ಪತ್ತು. ಅರವತ್ತೆಂಟು.
ಇನ್ನೊಂದು ಸಲ ನೋಡೋಣ, ಅಂದುಕೊಂಡೆ.
ಮೂಳೆ ಚೆನ್ನಾಗಿ ಕೂಡಿತು.
ಮೂರನೆಯ ದಿನ, ಗಂಜಿ ಕುಡಿಸುತ್ತಿದ್ದ ಹೆಂಡತಿಯನ್ನು ಕೇಳಿದರು,
ಬಹಳ ಮರ್ಯಾದೆಯಿಂದ:
ನೀವು ಯಾರ ಮನೆಯವರು?
ಅದಕ್ಕೆ ಇದೇ ಕಾರಣ ಎಂದು ಯಾರೂ ಹೇಳಲಿಲ್ಲ.
ಅಲ್ಲ ಎಂದೂ.

ಈಗ ಪ್ರತಿ ನಿಮಿಷ ಪಟ್ಟಿ ಬಿಗಿಯುತ್ತದೆ.
ಬೆನ್ನಿಗೆ ಮದ್ದು ಎಂದಿಗಿಂತ ಕಡಿಮೆ,
ಅದಕ್ಕೂ ಮೊದಲೇ ಪಂಪಿನಿಂದ ಒತ್ತಡದ ಔಷಧಿ, ಕೂದಲೆಳೆಯಷ್ಟು.
ನಿಮ್ಮ ಗದ್ದೆಗಳ ಹೆಸರು ಹೇಳಿ, ಎಂದೆ. ನಿಲ್ಲಿಸಬೇಡಿ.

ನರಿಗದ್ದೆ.
ಕಲ್ಲಡಿ.
ಅತ್ತೆ ಮುನಿದ ಗದ್ದೆ.
ಪರದೆಯಾಚೆ ಸುತ್ತಿಗೆಯ ಸದ್ದು.
ಹಲಸಿನ ಮೂಲೆ

ಅಲ್ಲಿ ನಿಂತರು.
ತುಟಿ ಅಲುಗುತ್ತಿದೆ, ಹೆಸರು ಬರುತ್ತಿಲ್ಲ.
ಯಂತ್ರ ನೂರಹತ್ತು ಎನ್ನುತ್ತಿದೆ, ಅದು ಹೋದ ನಿಮಿಷದ್ದು.
ಕಾಯಲಿಲ್ಲ. ಪಂಪಿನ ಅಂಕಿ ಒಂದು ಮೆಟ್ಟಿಲು ಮೇಲಕ್ಕೆ.
ಪಟ್ಟಿ ಬಿಗಿದು ಬಿಚ್ಚಿತು: ತೊಂಬತ್ತೆರಡು.
ನೂರನಾಲ್ಕು.
ನೂರಹದಿನೆಂಟು.
'ಅದರಾಚೆ ಬಾಣೆ,' ಎಂದರು ಚೋಂದವ್ವ,
'ಬಾಣೆಯನ್ನು ಗದ್ದೆಯ ಲೆಕ್ಕಕ್ಕೆ ಸೇರಿಸಬೇಕೋ ಬೇಡವೋ
ಎಂದು ಯೋಚಿಸುತ್ತಿದ್ದೆ.'

ಸೇರಿಸಿ.

ಮರುದಿನ ವಾರ್ಡಿನಲ್ಲಿ ನನ್ನ ಮುಖ ದಿಟ್ಟಿಸಿದರು.
'ನೀನು ಯಾರ ಮನೆಯವಳು?'
ಕಂಬಿ ಹಿಡಿದುಕೊಂಡೆ.
'ನಿನ್ನೆ ಗಡಿಬಿಡಿಯಲ್ಲಿ ಕೇಳಲು ಬಿಟ್ಟುಹೋಯಿತು,' ಎಂದರು.
'ಕೂತುಕೊ. ಆ ಕೋಳಿ ಮರಿ ಮಾಡಿತೋ ಇಲ್ಲವೋ,
ಯಾರಿಗಾದರೂ ಫೋನ್ ಮಾಡಿ ಕೇಳು.'