ಅಕ್ಕಿ ತೊಳೆದ ನೀರು

ಐದಕ್ಕೇ ಏಳುತ್ತೇನೆ, ಫೋನು ಏಳುವ ಮುಂಚೆ.
ಹಿತ್ತಲ ಚಿಲಕ ಸದ್ದಾಗದಂತೆ ತೆಗೆದು
ನೈಟಿಯ ಮೇಲೊಂದು ಟವಲು ಹೊದ್ದು
ಬದನೆ ಎಲೆಗಳ ಬೆನ್ನು ತಿರುವಿ ಹುಳ ಹುಡುಕುತ್ತೇನೆ.
ಮಂಡ್ಯದಲ್ಲಿ ಕಬ್ಬು ನುರಿಸುವ ಕಾಲ,
ಗಾಳಿಯ ತುಂಬ ಕಾರ್ಖಾನೆಯ ಕಾಕಂಬಿ ವಾಸನೆ.
ಇಷ್ಟು ಹೊತ್ತು ಮಾತ್ರ
ನಾನು ಯಾವ ವಾರ್ಡಿನ ಸದಸ್ಯೆಯೂ ಅಲ್ಲ.

ನಲ್ಲಿ ನೀರನ್ನು ಗಿಡಕ್ಕೆ ಬಿಡುವಂತಿಲ್ಲ.
ಅದು ನನಗೆ ನಾನೇ ಮಾಡಿಕೊಂಡ ಠರಾವು,
ಮಂಡಿಸಿದವಳೂ ಅನುಮೋದಿಸಿದವಳೂ ಒಬ್ಬಳೇ.
ಹೋದ ಬೇಸಗೆ, ನಾಲ್ಕು ದಿನಕ್ಕೊಮ್ಮೆ ನೀರು ಬರುವಾಗ
ಪಕ್ಕದ ಮನೆ ಚಿಕ್ಕತಾಯಮ್ಮ
ಕಾಂಪೌಂಡಿನ ಮೇಲೆ ಖಾಲಿ ಕೊಡ ಎತ್ತಿ ಹಿಡಿದು
"ನಮ್ ಗಂಟ್ಲು ಒಣಗ್ತಾ ಅದೆ,
ಮೆಂಬರಮ್ಮನ ಹೀರೇಬಳ್ಳಿ ಎಂಗೆ ನಗ್ತಾ ಅದೆ ನೋಡ್ರವ್ವ" ಅಂದಳು, ಬೀದಿಗೆಲ್ಲ ಕೇಳುವಂತೆ.
ಬಳ್ಳಿ ನಿಜಕ್ಕೂ ನಗುತ್ತಿತ್ತು. ಹದಿನೇಳು ಹೂ.

ಅವತ್ತಿನಿಂದ ಅಕ್ಕಿ ತೊಳೆದ ನೀರು, ಸೊಪ್ಪು ತೊಳೆದ ನೀರು,
ತಟ್ಟೆಯಲ್ಲಿ ಅತ್ತೆ ಕೈ ತೊಳೆದ ನೀರು.
ಗಿಡಕ್ಕೊಂದು ಚೊಂಬು.
ನಮ್ಮವರು ನಾಲೆಯ ಮೇಲೆ ಹದಿನೆಂಟು ವರ್ಷ
ದಿನಗೂಲಿ ಸೌಡಿ, ತೂಬಿನ ಬೀಗದ ಕೈ ಸೊಂಟದಲ್ಲಿ.
ನಾನು ಬಾಗಿಲ ಹತ್ತಿರದ ಗಿಡದಿಂದ ಶುರುಮಾಡಿದರೆ ಗದರುತ್ತಾರೆ:
"ಮೊದ್ಲು ಕೊನೇ ಗದ್ದೆಗೆ ಬುಡ್ಬೇಕು ಕಣೆ.
ತೂಬಿನ ಪಕ್ಕದೋನು ಎಂಗಾದ್ರೂ ಬದೀಕತಾನೆ."

ಆರಕ್ಕೆ ಫೋನು.
ಮೋರಿ ಕಟ್ಟಿದೆ. ದೀಪ ಉರಿಯುತ್ತಿಲ್ಲ.
ಇನ್ನೊಂದು ಬೀದಿಯಲ್ಲಿ ದೀಪ ಹಗಲೂ ಉರಿಯುತ್ತಿದೆ.
ಇ-ಖಾತೆಗೆ ಮೂರು ತಿಂಗಳಿಂದ ಅಲೆದಾಟ.
ಯಾರದೋ ನಾಯಿ, ಯಾರದೋ ಚಪ್ಪಲಿ.
"ಯಜಮಾನ್ರು ಅವ್ರಾ?" ಎಂದು ಗೇಟಿನಲ್ಲಿ ಗುತ್ತಿಗೆದಾರ.
ಇವರು ಹಿತ್ತಲಿಂದಲೇ ಕೂಗುತ್ತಾರೆ:
"ಗೆದ್ದೋಳು ಒಳಗವ್ಳೆ. ನಾನು ಗೊಬ್ಬರ ಕಲಸ್ತಾ ಇವ್ನಿ."

ಸಾಮಾನ್ಯ ಸಭೆಯಲ್ಲಿ
ಬಲ್ಬಿನ ಟೆಂಡರಿಗೆ ಎರಡೂವರೆ ಗಂಟೆ ಜಗಳ.
ಅಜೆಂಡಾದ ಬೆನ್ನಿನ ಮೇಲೆ
ಅವರೆ ಚಪ್ಪರಕ್ಕೆ ಎಷ್ಟು ಬಿದಿರು ಎಂದು ಲೆಕ್ಕ ಹಾಕಿದೆ.
ನನ್ನ ಸರದಿ ಬಂತು. ಹೊಂಗೆತೋಪಿನ ಬೀದಿಗೆ
ನೀರು ಹತ್ತುವುದೇ ಇಲ್ಲ, ಅಂದೆ.
"ಅದು ಲೈನಿನ ಕೊನೆ ಮೇಡಂ, ಪ್ರೆಶರ್ ಸಾಲಲ್ಲ" ಅಂದರು ಎಂಜಿನಿಯರು.
ಸೌಡಿಯ ಮಾತನ್ನು ಸೌಡಿಯ ದನಿಯಲ್ಲೇ ಹೇಳಿದೆ.
ನಕ್ಕರು. ದಾಖಲಿಸಿ, ಅಂದೆ.
ದಾಖಲಾಯಿತು: ಸದಸ್ಯರು ಕೃಷಿಯ ಬಗ್ಗೆ ಮಾತನಾಡಿದರು.

ಮನೆಗೆ ಬಂದಾಗ ಒಂಬತ್ತು.
ಟಿವಿಯ ಮೇಲೆ ಒಂದು ಅರ್ಜಿ, ಪೂರ್ವಿಕಳ ದುಂಡಗಿನ ಅಕ್ಷರ:

ಮಾನ್ಯ ಸದಸ್ಯರಿಗೆ,
ವಿಷಯ: ಶನಿವಾರದ ಪೋಷಕರ ಸಭೆಗೆ ಖುದ್ದು ಹಾಜರಾಗುವ ಬಗ್ಗೆ.
ಹಿಂದಿನ ಎರಡು ಸಲವೂ ಅಪ್ಪ ಬಂದು
ಗಣಿತದ ಮೇಷ್ಟ್ರ ಹತ್ತಿರ ಸೌತೆಬೀಜದ ಮಾತಾಡಿ ಹೋಗಿರುತ್ತಾರೆ.
ಆದ್ದರಿಂದ ತಾವು ದಯಮಾಡಿ.
ಅರ್ಜಿದಾರರ ವಿಳಾಸ: ನಿಮ್ಮ ಪಕ್ಕದ ಕೋಣೆ.

ಪೆನ್ನು ತೆಗೆದೆ. ಕೈ ತಾನಾಗಿಯೇ
"ಪರಿಶೀಲಿಸಲಾಗುವು" ವರೆಗೆ ಬರೆದುಬಿಟ್ಟಿತ್ತು.
ಹೊಡೆದುಹಾಕಿ, ಕೆಳಗೆ, "ಬರ್ತೀನಿ ಕಂದ."
ಅವಳು ಮಲಗಿದ್ದಳು. ಅಥವಾ ಮಲಗಿದಂತಿದ್ದಳು.

ನಾಳೆಯ ದೋಸೆಗೆ ಅಕ್ಕಿ ತೊಳೆದು
ಚೊಂಬು ಹಿಡಿದು ಹಿತ್ತಲಿಗೆ ಇಳಿದೆ.
ಹೀರೇಬಳ್ಳಿ ಕಾಂಪೌಂಡು ದಾಟಿ
ಆ ಕಡೆ ಎರಡು ಕಾಯಿ ಬಿಟ್ಟಿತ್ತು, ಈಗಿಲ್ಲ.
ಚಿಕ್ಕತಾಯಮ್ಮ ಹೇಳಿಲ್ಲ. ನಾನು ಎಣಿಸಿಲ್ಲ.
ಅವಳ ಅಡುಗೆಮನೆಯಿಂದ ಒಗ್ಗರಣೆ ವಾಸನೆ ಬಂದದ್ದಂತೂ ನಿಜ.

ಗೋಡೆ ಬುಡದ ಕರಿಬೇವಿನ ಸಸಿಯಿಂದ ಶುರುಮಾಡುತ್ತೇನೆ,
ಬಿಸಿಲೂ ತಲುಪದ ಮೂಲೆ ಅದು.
ಒಳಗೆ ಫೋನು ಹೊಡೆದುಕೊಳ್ಳುತ್ತಿದೆ.
ಚೊಂಬಿನಲ್ಲಿ ಇನ್ನೂ ಅರ್ಧ ಇದೆ.