ಮೊಳೆ ಬಿಚ್ಚುವ ಕೆಲಸ

ಹಿಮ್ಮಡಿಯ ಗಾಯದ ಪಟ್ಟಿ ಬಿಚ್ಚಿ ನೋಡಿ
ಜೆಜೆ ಆಸ್ಪತ್ರೆಯ ಎಳೆಯ ಡಾಕ್ಟರು, ಪರೂಲೇಕರ್ ಅಂತ,
ಮರಾಠಿಯಲ್ಲಿ ಅಂದಳು:
ಕಾಕಾ, ಚರ್ಮ ಕಟ್ಟುವುದಕ್ಕೆ ನಿಮ್ಮಲ್ಲಿ ಸಾಮಾನಿಲ್ಲ.
ಮೊಟ್ಟೆ ತಿನ್ನಿ, ಮೀನು ತಿನ್ನಿ, ಬೇಳೆ ತಿನ್ನಿ.

ಸಾಮಾನಿಲ್ಲ ಅಂದರೆ ಏನೆಂದು ನನಗೆ ಗೊತ್ತು.
ಬಜಾರ್‌ಗೇಟಿನ ಓಣಿಯಲ್ಲಿ, ಕುಂದರ್ ಮಾಸ್ತರರ ಪ್ರೆಸ್ಸಿನಲ್ಲಿ
ಮೂವತ್ತೊಂದು ವರ್ಷ ಮೊಳೆ ಜೋಡಿಸಿದವನು.
ಮದುವೆ ಹಂಗಾಮಿನಲ್ಲಿ ಮೊದಲು ಮುಗಿಯುವುದು ‘ಶ್ರೀ’,
ಆಮೇಲೆ ‘ಸೌ’.
ಒಬ್ಬಳ ಕಾಗದ ಅಚ್ಚಾಗಿ, ಚೌಕಟ್ಟು ಸಡಿಲಿಸಿ,
ಸೀಮೆಎಣ್ಣೆಯಲ್ಲಿ ಮಸಿ ತೊಳೆದು
ಮೊಳೆಗಳನ್ನು ಖಾನೆಖಾನೆಗೆ ಹಾಕಿದ ಮೇಲೆಯೇ
ಇನ್ನೊಬ್ಬಳಿಗೆ ಸೌಭಾಗ್ಯ.

ಜೋಡಿಸಿದ್ದು ಊರಿಗೆಲ್ಲ ಕಾಣುತ್ತದೆ.
ಬಿಚ್ಚುವುದು ರಾತ್ರಿ ಪಾಳಿ.

ಈಗ ಮಂಚದ ಮೇಲೆ ಒರಗಿ
ಘೋಡಪ್‌ದೇವಿನಿಂದ ಜಲಜ ತಂದ ಡಬ್ಬಿಯ ಬಂಗುಡೆ ನುಂಗಿ
ಒಳಗಿನ ಸದ್ದು ಕೇಳುತ್ತೇನೆ.
ಬಾಯಿ ಓದುವುದಿಲ್ಲ, ಹರಿಯುತ್ತದೆ ಅಷ್ಟೆ.
ಹೊಟ್ಟೆಯೇ ನಮ್ಮ ಸೀಮೆಎಣ್ಣೆ ತೊಟ್ಟಿ.
ಹುಳಿ ತಾಗಿದ್ದೇ ಮೀನು ತನ್ನ ಮಡಿಕೆ ಬಿಡುತ್ತದೆ,
ಬಿಗಿದ ಸುರುಳಿ ಉದ್ದಕ್ಕೆ ಜಾರುತ್ತದೆ,
ಪೆಪ್ಸಿನ್ ಬಂದು ಪುಟವನ್ನು ಸಾಲು ಮಾಡಿ
ಸಾಲನ್ನು ತುಂಡು ಮಾಡುತ್ತದೆ.

ಮುಂದಿನ ಮನೆ ಸಣ್ಣ ಕರುಳು.
ಅಲ್ಲಿಗೆ ಮೇದೋಜೀರಕ ಕಳಿಸುವ ಕತ್ತರಿ
ಬಾಗಿಲು ದಾಟುವ ತನಕ ಒರೆಯಲ್ಲೇ ಇರುತ್ತದಂತೆ;
ದಾರಿಯಲ್ಲಿ ತೆರೆದುಕೊಂಡರೆ ಕಳಿಸಿದವನನ್ನೇ ಕತ್ತರಿಸೀತು.
ದೂಮಣ್ಣ ಕಾಗದ ಕೊಯ್ಯುವ ಚಾಕುವನ್ನು
ಹಳೇ ಪಂಚಾಂಗದ ಹಾಳೆಯಲ್ಲಿ ಸುತ್ತಿ ತರುತ್ತಿದ್ದ.
ಒಂದು ದಿನ ಮರೆತ. ತೊಡೆಗೆ ಏಳು ಹೊಲಿಗೆ.

ಕರುಳಿನ ಗೋಡೆ ಮಖಮಲ್ಲು.
ಒಂಟಿ ಅಕ್ಷರವಾದರೂ ಬಾ ಅನ್ನುತ್ತದೆ,
ಎರಡು ಮೂರು ಅಂಟಿಕೊಂಡ ಒತ್ತಕ್ಷರವಾದರೂ ಬಾ;
ಒಳಗೆ ಕೂರಿಸಿಕೊಂಡು ಒತ್ತು ಬಿಡಿಸುತ್ತದೆ.
ಇಡೀ ಪದಕ್ಕೆ ಮಾತ್ರ ಅಪ್ಪಣೆಯಿಲ್ಲ.
ಹಾಗಾಗಿ ಬಂಗುಡೆ ಬಂಗುಡೆಯಾಗಿ ನನ್ನೊಳಗೆ ಬರುವುದಿಲ್ಲ.
ಬರುವುದು ಅದರ ಮೊಳೆ.
ಯಾರ ಮದುವೆಯದು ಎಂದು ಅದರ ಮೈಮೇಲೆ ಬರೆದಿಲ್ಲ.

ನಮ್ಮ ವರ್ಣಮಾಲೆಗೆ ನಲವತ್ತೊಂಬತ್ತು, ಮೈಗೆ ಇಪ್ಪತ್ತು ಸಾಕು.
ಅದರಲ್ಲಿ ಒಂಬತ್ತನ್ನು ಎರಕ ಹೊಯ್ಯಲು ಈ ದೇಹಕ್ಕೆ ಬಾರದು,
ಹೊರಗಿಂದಲೇ ತರಬೇಕು.
ಅನ್ನದಲ್ಲಿ ಒಂದು ಅಕ್ಷರ ಕಡಿಮೆ, ತೊವ್ವೆಯಲ್ಲಿ ಇನ್ನೊಂದು.
ಎರಡೂ ಒಂದೇ ಬಟ್ಟಲಿಗೆ ಬಿದ್ದರೆ
ಎದುರುಬದುರು ಪ್ರೆಸ್ಸಿನವರ ಹಾಗೆ ಕೈಗಡ ಕೊಟ್ಟುಕೊಳ್ಳುತ್ತವೆ.
ಇದನ್ನು ಹೇಳಿದರೆ ಜಲಜ ನಕ್ಕಳು:
ನನ್ನ ಅಜ್ಜಿ ಯಾವ ಡಾಕ್ಟರನ್ನು ಕೇಳಿ ಬಡಿಸಿದಳು?

ಕರುಳು ದಿನವೂ ತನ್ನ ಸವೆದ ಪದರವನ್ನೂ
ಮೀನಿನ ಜೊತೆಗೇ ಬಿಚ್ಚಿ ಖಾನೆಗೆ ಹಾಕುತ್ತದಂತೆ.
ಅಂದರೆ ಉಪವಾಸದ ದಿನವೂ ನಾನು ನನ್ನನ್ನು ಉಂಡಿದ್ದೇನೆ.
ಹೆಚ್ಚಾದದ್ದು ಯಕೃತ್ತಿಗೆ, ಅಲ್ಲಿಂದ ಮೂತ್ರಕ್ಕೆ.
ಕೂಡಿಡುವ ಕಪಾಟಿಲ್ಲ ಈ ಅಂಗಡಿಯಲ್ಲಿ.
ನಾಳೆಯ ಅಕ್ಷರ ನಾಳೆಯೇ ತರಬೇಕು.

ಪ್ರೆಸ್ಸು ಮುಚ್ಚಿದಾಗ ಕುರ್ಲಾದ ಗುಜರಿಯವನು
ಅ ದಿಂದ ಳ ತನಕ ಕಿಲೋ ಲೆಕ್ಕದಲ್ಲಿ ತೂಗಿದ.
ಕೊನೆಯ ಚೌಕಟ್ಟು ಕಲ್ಲಿನ ಮೇಲೆ ಹಾಗೇ ಇತ್ತು,
ಯಾವುದೋ ಗೃಹಪ್ರವೇಶ.
ನಾನು ಬಿಚ್ಚಲಿಲ್ಲ. ಬಿಚ್ಚಿ ಎಲ್ಲಿ ಹಾಕಲಿ?
ಅವನು ಹಾಗೇ ಎತ್ತಿ ಗೋಣಿಗೆ ಸುರಿದ.

ಹನ್ನೆರಡನೆಯ ದಿನ ನರ್ಸು ಪಟ್ಟಿ ತೆಗೆದಳು.
ಗಾಯದ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಅಗಲ
ನಸುಗೆಂಪು.
ಮೊದಲ ಪ್ರೂಫು, ಅಂದೆ.
ಜಲಜ ಕನ್ನಡಕ ಏರಿಸಿ ಬಗ್ಗಿ ನೋಡಿ,
ತಪ್ಪಿರುತ್ತದೆ, ಅಂದಳು,
ಮೀನಿನ ಡಬ್ಬಿ ಮುಚ್ಚಳ ತೆಗೆಯುತ್ತ.