ನಲವತ್ತೆರಡು ಡಿಗ್ರಿ

ಲ್ಯಾಬಿನ ಬೀಗದ ಕೈ ನನ್ನ ಬಳಿಯೇ ಇರುತ್ತದೆ,
ಹನ್ನೊಂದು ವರ್ಷದಿಂದ.
ತೆಗೆದರೆ ಒಳಗೆ ಫಾರ್ಮಲಿನ್ನಿನ ಕಪ್ಪೆ,
ಗಡಿಯಾರವಿಲ್ಲದ ಮೊಳೆ,
ಜೇಡ ತನ್ನ ಪ್ರಾಕ್ಟಿಕಲ್ ಮುಗಿಸಿ ಬಿಟ್ಟುಹೋದ ಬಲೆ.

ಕೌಲ್ ಬಜಾರಿನ ನಮ್ಮ ಶಾಲೆಗೆ ಮಾರ್ಚ್ ಕೊನೆಗೆ ಇಬ್ಬರು ಬಂದರು
ಥರ್ಮೋಕೋಲ್ ಡಬ್ಬಿ ಹೊತ್ತು.
ಮಕ್ಕಳು ಮುತ್ತಿಕೊಂಡರು. ಒಳಗೆ ಕುಲ್ಫಿ ಇರಲಿಲ್ಲ.
ಕಣ್ಣಿಗೆ ಕಾಣದ ಜೀವಗಳಂತೆ,
ಐಸಿನಲ್ಲಿ ಮಲಗಿಸಿ ತಂದವು.

"ಇವಕ್ಕೊಂದು ಹೊಸ ಕಸುಬು ಕಲಿಸೋಣ,"
ಬೋರ್ಡಿನ ಮೇಲೆ ಬಳೆಯೊಂದನ್ನು ಬರೆದಳು ಬಂದವಳು.
ಬಳೆ ಕತ್ತರಿಸಿ, ನೀಲಿಯ ಪಾಠವಿರುವ ತುಂಡು ನಡುವೆ ಇಟ್ಟು
ಬಾಯಿ ಮತ್ತೆ ಕೂಡಿಸಿದರೆ...
"ಝಿಪ್ ಕೂರಿಸಿದಂಗೆ," ಅಂದಳು ಹಿಂದಿನ ಬೆಂಚಿನ ಮುಬೀನಾ.
ಅವಳ ಮನೆಯಲ್ಲಿ ದಿನಕ್ಕೆ ಎಂಬತ್ತು ಜೀನ್ಸಿಗೆ ಝಿಪ್ಪು.
ಬಂದವಳು ಸೀಮೆಸುಣ್ಣ ಕೆಳಗಿಟ್ಟಳು.
"ಹೌದು. ಹಂಗೇ."

ಆ ಬಳೆ ಜೀವದೊಳಗೆ ಹೋಗಬೇಕಾದರೆ ಬಿಸಿ ತಾಕಬೇಕಂತೆ:
ಐಸಿನಿಂದೆತ್ತಿ ನಲವತ್ತೆರಡು ಡಿಗ್ರಿ ನೀರಿಗೆ,
ನಲವತ್ತೈದು ಎಣಿಸುವಷ್ಟು, ಮತ್ತೆ ಐಸಿಗೆ.
ಅದಕ್ಕೊಂದು ಯಂತ್ರ ತಂದಿದ್ದರು. ಕರೆಂಟು ಹೋಯಿತು.
ಪಾಠದ ನಡುವೆ ನಾನು ಬಾಯಿ ಹಾಕುವುದಿಲ್ಲ, ನನ್ನ ಕೆಲಸವಲ್ಲ.
ಬಕೀಟು ಹಿಡಿದು ಮಾಳಿಗೆ ಹತ್ತಿದೆ,
ಕರೀ ಸಿಂಟೆಕ್ಸಿನ ನಲ್ಲಿ ತಿರುವಿ ತಂದೆ ಮಟಮಟ ಮಧ್ಯಾಹ್ನವನ್ನು.
ಥರ್ಮಾಮೀಟರ್ ಇಳಿಬಿಟ್ಟು ವನ್ನೂರಸ್ವಾಮಿ ಓದಿದ:
"ನಲವತ್ತೆರಡು... ಒಂದು ಗೆರೆ ಜಾಸ್ತಿ ಐತೆ ಸಾರ್."
ಮಡಕೆಯಿಂದ ಒಂದು ಲೋಟ ತಂಪು ಸುರಿದೆವು.
ಬಳ್ಳಾರಿ ಬಿಸಿಲನ್ನು ಬೈದವರನ್ನಷ್ಟೇ ಕಂಡಿದ್ದೆ,
ಹೀಗೆ ಅಳೆದು ಬಳಸಿದವರನ್ನಲ್ಲ.
ಎಲ್ಲರೂ ಒಟ್ಟಿಗೆ ಎಣಿಸಿದರು, ಮಗ್ಗಿಯ ರಾಗದಲ್ಲಿ.
ನನ್ನನ್ನು ಯಾರೋ ಸಾರ್ ಅಂದದ್ದು ಆಮೇಲೆ ನೆನಪಾಯಿತು.

ರಾತ್ರಿ ತಟ್ಟೆಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ.
ಕಾವಿನ ಪೆಟ್ಟಿಗೆ ಸಿಗುತ್ತಾ ಅಂತ ಕೇಳಿದ್ದರು; ನಕ್ಕಿದ್ದೆವು.

ಬೆಳಿಗ್ಗೆ ಗಂಟೆಗೆ ಮೊದಲೇ ಬಾಗಿಲಲ್ಲಿ ಗುಂಪು.
ತಟ್ಟೆಯ ತುಂಬ ನೀಲಿ ಚುಕ್ಕಿ,
ಮಷೀನಿನ ಕೆಳಗೆ ಉದುರಿದ ನೂಲಿನ ಚೂರಿನಷ್ಟು.
ಮುಬೀನಾ ತನ್ನ ಉಗುರನ್ನು ಪಕ್ಕಕ್ಕೆ ಹಿಡಿದಳು.
"ನಮ್ಮ ಅಮ್ಮಿ ಕೈಯಾಗೂ ಇದೇ ಬಣ್ಣ. ಇವು ಪ್ಯಾಂಟಿಗೂ ಹಾಕ್ತಾವಾ?"
"ಪ್ರಯತ್ನ ನಡೀತಿದೆ."
"ಆಮೇಲೆ ನಮ್ಮ ಭಾಯಿ ಏನು ಮಾಡಬೇಕು?"
ಬಂದವಳು ತಟ್ಟೆ ನೋಡಿದಳು. ನೋಡುತ್ತಲೇ ಇದ್ದಳು.

ವನ್ನೂರಸ್ವಾಮಿಯ ತಟ್ಟೆ ಮಾತ್ರ ಖಾಲಿ.
ಅವನಿಗೆ ಕೊಟ್ಟದ್ದು ಬಳೆಯಿಲ್ಲದ ಜೀವ, ಬೆಳೆಯಬಾರದ್ದು.
ನಿನ್ನದು ಖಾಲಿ ಇದ್ದರೇ ಉಳಿದವರದು ನಿಜ ಅಂದರು.
ನಂಬಲಿಲ್ಲ. ಕಿಟಕಿಗೆ ಹಿಡಿದು ಹಿಡಿದು ಹುಡುಕಿದ.

ಕೊನೆಗೆ ಎಲ್ಲವನ್ನೂ ಬ್ಲೀಚಿನಲ್ಲಿ ಮುಳುಗಿಸಬೇಕು,
ಹೊರಗೆ ಬಿಡುವಂತಿಲ್ಲ. "ಗ್ಲೌಸ್ ಹಾಕ್ಕೊಳ್ಳಿ, ಚರ್ಮ ಸುಡುತ್ತೆ."
ಮುಬೀನಾ ತಲೆಯೆತ್ತಿದಳು. "ಇಷ್ಟಕ್ಕೇನಾ?"
ವಾಷಿಂಗ್ ಯೂನಿಟ್ಟಿನಲ್ಲಿ ಅವಳ ಭಾಯಿ
ಮೊಣಕೈಮಟ ಬ್ಲೀಚಿನಲ್ಲಿ ನಿಂತು ಆರು ವರ್ಷ.

ಅವರು ಹೋದಮೇಲೆ ಸಾಮಾನು ಎಣಿಸಿದೆ.
ಗ್ಲೌಸು ಎರಡು ಜೊತೆ ಕಮ್ಮಿ.
ರಿಜಿಸ್ಟರಿನಲ್ಲಿ ಬರೆದೆ: ಹರಿದಿವೆ.